ಮೊಬೈಲ್ ಬಂದದ್ದು ಸ್ಟಾರ್ ಟ್ರೆಕ್‌ನಿಂದಲೇ? ಕುಂಬಳೆಯ ಟೀಚರ್ ಒಬ್ಬರಿಗೆ ಉತ್ತರ

ಪ್ರಶ್ನೆ: ನಾನು ಕುಂಬಳೆ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನನ್ನ ಎಂಟನೇ ಕ್ಲಾಸಿನ ಹುಡುಗನೊಬ್ಬ ಶಾಸ್ತ್ರಮೇಳಕ್ಕೆ (ವಿಜ್ಞಾನ ಮೇಳಕ್ಕೆ) ಚಾರ್ಟ್ ಮಾಡಿದ್ದಾನೆ. ‘ಮೊಬೈಲ್ ಫೋನ್, ತಾನೇ ತೆರೆಯುವ ಬಾಗಿಲು, ಮಾತಾಡುವ ಕಂಪ್ಯೂಟರ್ ಎಲ್ಲವೂ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಟಿವಿ ಧಾರಾವಾಹಿಯಿಂದ ಬಂದವು’ ಎಂದು ಬರೆದಿದ್ದಾನೆ. ಇದು ಎಷ್ಟು ನಿಜ? ಮೂರೇ ವರ್ಷ ಓಡಿ ನಿಂತ ಧಾರಾವಾಹಿಯ ಬಗ್ಗೆ ಇವತ್ತಿಗೂ ಯಾಕೆ ಇಷ್ಟು ಮಾತು? ಕಾಸರಗೋಡಿನ ಮಕ್ಕಳಿಗೆ ಇದರಲ್ಲಿ ಹೇಳುವಂಥದ್ದು ಏನಾದರೂ ಇದೆಯಾ?

ಉತ್ತರ: ಟೀಚರೇ, ಮೊದಲು ಆ ಹುಡುಗನ ಬೆನ್ನು ತಟ್ಟಿ. ಎಂಟನೇ ಕ್ಲಾಸಿನಲ್ಲಿ ಇಂಥ ವಿಷಯ ಹುಡುಕಿ ತಂದಿದ್ದಾನಲ್ಲ, ಅದು ಸಣ್ಣ ಸಂಗತಿ ಅಲ್ಲ. ಆದರೆ ಚಾರ್ಟ್ ಸ್ವಲ್ಪ ತಿದ್ದಬೇಕು. ಅವನು ಬರೆದದ್ದರಲ್ಲಿ ಕೆಲವು ಅರ್ಧ ನಿಜ. ಮುಖ್ಯವಾಗಿ ಬರೆಯಬೇಕಾದದ್ದು ಅದರಲ್ಲಿ ಬಂದೇ ಇಲ್ಲ.

ಮೊಬೈಲಿನಿಂದಲೇ ಶುರು ಮಾಡೋಣ. ಕೈಯಲ್ಲಿ ಹಿಡಿಯುವ ಸೆಲ್ ಫೋನಿನಿಂದ ಮೊದಲ ಕರೆ ಮಾಡಿದ್ದು ಮೊಟೊರೋಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್. 1973ರ ಏಪ್ರಿಲ್ 3ರಂದು, ನ್ಯೂಯಾರ್ಕಿನ ಬೀದಿಯಲ್ಲಿ ನಿಂತು. ಆ ಫೋನಿನ ತೂಕ ಒಂದು ಕಿಲೋಗಿಂತ ಜಾಸ್ತಿ. ಸ್ಟಾರ್ ಟ್ರೆಕ್‌ನ ಕಥೆಯಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗುವ ಅಂತರಿಕ್ಷ ಹಡಗಿನ ಕ್ಯಾಪ್ಟನ್ ಕರ್ಕ್ ಒಂದು ಸಣ್ಣ ಡಬ್ಬಿಯ ಮುಚ್ಚಳ ತೆರೆದು ಮಾತಾಡುತ್ತಿದ್ದ, ಅದನ್ನು ನೋಡಿಯೇ ಕೂಪರ್ ಅವರಿಗೆ ಈ ಯೋಚನೆ ಬಂತು ಎಂಬ ಕಥೆ ಎಲ್ಲ ಕಡೆ ಓಡಾಡುತ್ತಿದೆ. ಆದರೆ ಕೂಪರ್ ಅವರೇ ಆಮೇಲೆ ಅದನ್ನು ತಿದ್ದಿದ್ದಾರೆ. ಡಿಕ್ ಟ್ರೇಸಿ ಎಂಬ ಕಾಮಿಕ್ಸಿನ ಪತ್ತೇದಾರ ಕೈಗೆ ಕಟ್ಟಿಕೊಳ್ಳುತ್ತಿದ್ದ ರೇಡಿಯೊ ತನ್ನ ತಲೆಯಲ್ಲಿತ್ತು ಎಂದು ಹೇಳಿದ್ದಾರೆ. ಕಾಮಿಕ್ಸಿನಲ್ಲಿ ಆ ರೇಡಿಯೊ ಕಾಣಿಸಿಕೊಂಡದ್ದು 1946ರಲ್ಲಿ. ಊರನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚಿ ಫೋನ್ ನಡೆಸುವ ಯೋಚನೆಯೂ ಬೆಲ್ ಲ್ಯಾಬ್ಸ್‌ನಲ್ಲಿ 1947ರಲ್ಲೇ ಕಾಗದಕ್ಕೆ ಇಳಿದಿತ್ತು. ಸ್ಟಾರ್ ಟ್ರೆಕ್ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಲೆಕ್ಕ ಹಾಕಿದರೆ ಹುಡುಗನಿಗೇ ಗೊತ್ತಾಗುತ್ತದೆ.

ಹಾಗಾದರೆ ಫೋನಿಗೂ ಸ್ಟಾರ್ ಟ್ರೆಕ್‌ಗೂ ಸಂಬಂಧವೇ ಇಲ್ಲವೇ? ಇದೆ. ಅದು ರೂಪದ ಸಂಬಂಧ. 1996ರಲ್ಲಿ ಅದೇ ಮೊಟೊರೋಲಾ ಮಡಚುವ ಫೋನ್ ಒಂದನ್ನು ತಂದಿತು. ಹೆಸರು ಸ್ಟಾರ್‌ಟ್ಯಾಕ್. ಮುಚ್ಚಳ ತೆರೆದು ಕಿವಿಗಿಟ್ಟುಕೊಂಡ ಕೂಡಲೇ ಅಮೆರಿಕದವರಿಗೆ ಕ್ಯಾಪ್ಟನ್ ಕರ್ಕ್ ನೆನಪಾಗುತ್ತಿದ್ದ. ಅಂದರೆ, ಅಂಥದ್ದೊಂದು ವಸ್ತು ಕೈಗೆ ಬಂದಾಗ ಜನರಿಗೆ ಅದು ಹೊಸತು ಅನ್ನಿಸಲಿಲ್ಲ. ಮೂವತ್ತು ವರ್ಷ ಮೊದಲೇ ಪರಿಚಯ ಆಗಿತ್ತು.

ಬಾಗಿಲಿನದ್ದು ಇನ್ನೂ ಸುಲಭ. ತಾನೇ ತೆರೆಯುವ ಬಾಗಿಲುಗಳು ಆಗಲೇ ಬಂದಿದ್ದವು. ಸ್ಟಾರ್ ಟ್ರೆಕ್ ಸೆಟ್ಟಿನಲ್ಲಿ ಮಾತ್ರ ಅವು ತಾನಾಗಿ ತೆರೆಯುತ್ತಿರಲಿಲ್ಲ! ಗೋಡೆಯ ಹಿಂದೆ ಕೆಲಸದವರು ನಿಂತು ಕೈಯಿಂದ ಎಳೆಯುತ್ತಿದ್ದರು. ನಟ ಬರುವುದಕ್ಕೂ ಅವರು ಎಳೆಯುವುದಕ್ಕೂ ಹೊಂದಿಕೆ ತಪ್ಪಿದರೆ ಮತ್ತೆ ಶೂಟಿಂಗ್. ಹಡಗಿನ ಡಾಕ್ಟರ್ ಮೆಕಾಯ್ ರೋಗಿಯ ಮೈಮೇಲೆ ಆಡಿಸುವ ಸಾಧನಗಳಲ್ಲಿ ಕೆಲವು ನಿಜವಾಗಿ ಊಟದ ಮೇಜಿನ ಉಪ್ಪಿನ ಡಬ್ಬಿಗಳು. ಬೇರೊಂದು ದೃಶ್ಯಕ್ಕೆಂದು ತಂದಿದ್ದರು. ನೋಡಲು ವಿಚಿತ್ರವಾಗಿವೆ ಎಂದು ಡಾಕ್ಟರಿಗೆ ಕೊಟ್ಟರು. ಒಂದು ಜಾಗದಲ್ಲಿ ಮಾಯವಾಗಿ ಇನ್ನೊಂದು ಜಾಗದಲ್ಲಿ ಪ್ರತ್ಯಕ್ಷ ಆಗುವುದು ಇದೆಯಲ್ಲ, ಅದರ ಹಿಂದೆ ಇದ್ದದ್ದು ಖರ್ಚಿನ ಚಿಂತೆ. ಪ್ರತಿ ವಾರ ಅಷ್ಟು ದೊಡ್ಡ ಹಡಗು ಒಂದೊಂದು ಗ್ರಹದ ಮೇಲೆ ಇಳಿಯುವುದನ್ನು ತೋರಿಸಲು ದುಡ್ಡು ಇರಲಿಲ್ಲ. ಅಲ್ಯೂಮಿನಿಯಂ ಪುಡಿಯ ಮೇಲೆ ಬೆಳಕು ಬಿಟ್ಟು ಮಿನುಗು ತೋರಿಸಿದರು. ನನಗೆ ಈ ಸಂಗತಿಗಳು ತುಂಬಾ ಇಷ್ಟ. ನಮ್ಮ ಬಯಲಾಟದಲ್ಲಿ ಒಂದು ಸ್ಟೂಲು ಸಿಂಹಾಸನ ಆಗುತ್ತದೆ, ಅದೇ ಸ್ಟೂಲು ಆಮೇಲೆ ಬೆಟ್ಟವೂ ಆಗುತ್ತದೆ. ಯಾರಾದರೂ ‘ಇದು ಸ್ಟೂಲು’ ಎನ್ನುತ್ತಾರಾ?

ಮಾತಾಡುವ ಕಂಪ್ಯೂಟರಿನ ವಿಷಯದಲ್ಲಿ ಹುಡುಗ ಹೇಳಿದ್ದು ಸರಿಗೆ ಹತ್ತಿರ. ಅಮೆಜಾನ್‌ನ ಅಲೆಕ್ಸಾ ಹುಟ್ಟಿದ್ದು ಸ್ಟಾರ್ ಟ್ರೆಕ್ ಹಡಗಿನ ಕಂಪ್ಯೂಟರನ್ನು ಮನಸ್ಸಿನಲ್ಲಿಟ್ಟುಕೊಂಡು. ಅದನ್ನು ‘ಕಂಪ್ಯೂಟರ್’ ಎಂದೇ ಕರೆಯುವ ಹಾಗೆ ಬದಲಾಯಿಸಲೂ ಬರುತ್ತದೆ. ರೋಗ ಪತ್ತೆ ಮಾಡುವ ಡಾಕ್ಟರ್ ಮೆಕಾಯ್ ಅವರ ಸಾಧನ ಟ್ರೈಕಾರ್ಡರ್ ಹೆಸರಿನಲ್ಲಿ ಒಂದು ದೊಡ್ಡ ಸ್ಪರ್ಧೆಯೇ ನಡೆದು 2017ರಲ್ಲಿ ಬಹುಮಾನ ಕೊಟ್ಟರು. ಇವನ್ನು ಚಾರ್ಟಿನಲ್ಲಿ ಧೈರ್ಯವಾಗಿ ಇಡಬಹುದು.

ಆದರೆ ಟೀಚರೇ, ಸಾಮಾನುಗಳ ಪಟ್ಟಿ ಹಿಡಿದುಕೊಂಡು ಹೋದರೆ ಈ ಧಾರಾವಾಹಿ ಯಾಕೆ ಬದುಕಿತು ಎಂದು ಗೊತ್ತಾಗುವುದಿಲ್ಲ. ಮುಂದೆ ಬರುವ ಯಂತ್ರಗಳನ್ನು ಊಹಿಸಿದ ಕಥೆಗಳು ಬೇಕಾದಷ್ಟಿವೆ. ನಾನು ಕಾಲೇಜಿನಲ್ಲಿ ಟಿವಿ ಇತಿಹಾಸ ಪಾಠ ಮಾಡುವಾಗ ಮಕ್ಕಳಿಗೆ ಬೇರೆ ಪ್ರಶ್ನೆ ಕೇಳುತ್ತಿದ್ದೆ. ಹಡಗಿನಲ್ಲಿ ಯಾವ ಯಂತ್ರ ಇತ್ತು ಎಂದು ನೋಡಬೇಡಿ, ಯಾವ ಕುರ್ಚಿಯಲ್ಲಿ ಯಾರು ಕೂತಿದ್ದರು ಎಂದು ನೋಡಿ.

1966ರ ಅಮೆರಿಕವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ಕಪ್ಪು ಜನರಿಗೆ ಮತ ಹಾಕಲು ಇದ್ದ ಅಡ್ಡಿಗಳನ್ನು ತೆಗೆಯುವ ಕಾನೂನು ಬಂದು ಒಂದೇ ವರ್ಷ ಆಗಿತ್ತು. ಕಪ್ಪು ಮತ್ತು ಬಿಳಿ ಜನ ಮದುವೆ ಆಗುವುದು 17 ರಾಜ್ಯಗಳಲ್ಲಿ ಅಪರಾಧ. ರಷ್ಯಾದ ಜೊತೆ ಶೀತಲ ಸಮರ. ಜಪಾನಿನ ಜೊತೆ ಯುದ್ಧ ಮುಗಿದು ಬರೇ 21 ವರ್ಷ. ಅಂಥ ಹೊತ್ತಿನಲ್ಲಿ ಸ್ಟಾರ್ ಟ್ರೆಕ್ ಸೃಷ್ಟಿಸಿದ ಜೀನ್ ರಾಡನ್‌ಬೆರಿ ಎಂಬವರು ಒಂದು ಹಡಗು ಕಟ್ಟಿ, ಅದನ್ನು ನಡೆಸುವ ಕೋಣೆಯಲ್ಲಿ ಜನರನ್ನು ಕೂರಿಸಿದರು. ಚುಕ್ಕಾಣಿಯ ಹತ್ತಿರ ಸುಲು, ಏಷ್ಯಾ ಮೂಲದವನು. ಆ ಪಾತ್ರ ಮಾಡಿದ ಜಾರ್ಜ್ ಟಕೈ ಜಪಾನಿ ಮೂಲದ ಅಮೆರಿಕನ್. ಯುದ್ಧದ ಕಾಲದಲ್ಲಿ ಸಣ್ಣ ಹುಡುಗನಾಗಿದ್ದಾಗ ಅವರನ್ನು ಮನೆಯವರ ಜೊತೆ ಅಮೆರಿಕ ಸರಕಾರವೇ ಮುಳ್ಳುಬೇಲಿಯ ಶಿಬಿರದಲ್ಲಿ ಇಟ್ಟಿತ್ತು. ಎರಡನೇ ವರ್ಷ ಅವನ ಪಕ್ಕದ ಕುರ್ಚಿಗೆ ಚೆಕೊವ್ ಬಂದ. ಅವನು ರಷ್ಯಾದವನು. ಕ್ಯಾಪ್ಟನ್ ಪಕ್ಕದಲ್ಲಿ ಸ್ಪಾಕ್, ಅವನು ಅರ್ಧ ಮಾತ್ರ ಮನುಷ್ಯ. ಹಿಂದೆ, ಕಿವಿಗೆ ಒಂದು ಸಾಧನ ಸಿಕ್ಕಿಸಿಕೊಂಡು, ಹಡಗಿಗೆ ಬರುವ ಹೋಗುವ ಎಲ್ಲ ಸಂದೇಶಗಳನ್ನು ನೋಡಿಕೊಳ್ಳುವವಳು ಲೆಫ್ಟಿನೆಂಟ್ ಉಹುರಾ. ಕಪ್ಪು ಹೆಣ್ಣು. ಆ ಕಾಲದ ಅಮೆರಿಕದ ಟಿವಿಯಲ್ಲಿ ಕಪ್ಪು ಹೆಣ್ಣಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಮನೆಗೆಲಸದವಳ ಪಾತ್ರ. ಇವಳು ಅಧಿಕಾರಿ. ಅದಕ್ಕೆ ಯಾರೂ ಅಲ್ಲಿ ಹುಬ್ಬೇರಿಸುವುದಿಲ್ಲ. ‘ನೋಡಿ, ಎಷ್ಟು ದೊಡ್ಡ ಮನಸ್ಸು ನಮ್ಮದು’ ಎಂಬ ಭಾಷಣವೂ ಇಲ್ಲ. ಅವಳು ಬರುತ್ತಾಳೆ, ಕೆಲಸ ಮಾಡುತ್ತಾಳೆ. ನನ್ನ ಲೆಕ್ಕದಲ್ಲಿ ಇದರ ಬಲ ಇರುವುದೇ ಅಲ್ಲಿ.

ಉಹುರಾ ಪಾತ್ರ ಮಾಡಿದ ನಿಶೆಲ್ ನಿಕೊಲ್ಸ್ ಮೊದಲ ವರ್ಷ ಮುಗಿದಾಗ ಬಿಟ್ಟು ಹೋಗಲು ತಯಾರಾಗಿದ್ದರು. ಅವರ ಮನಸ್ಸು ನಾಟಕರಂಗದ ಕಡೆ ಇತ್ತು. ಆ ದಿನಗಳಲ್ಲೇ ಒಂದು ಸಮಾರಂಭದಲ್ಲಿ ಒಬ್ಬರು ಅಭಿಮಾನಿ ನಿಮ್ಮನ್ನು ನೋಡಬೇಕಂತೆ ಎಂದು ಯಾರೋ ಬಂದು ಹೇಳಿದರಂತೆ. ತಿರುಗಿ ನೋಡಿದರೆ ಮಾರ್ಟಿನ್ ಲೂಥರ್ ಕಿಂಗ್! ತನ್ನ ಮಕ್ಕಳಿಗೆ ರಾತ್ರಿ ಕೂತು ನೋಡಲು ಬಿಡುವ ಕಾರ್ಯಕ್ರಮ ಇದು ಎಂದರಂತೆ ಅವರು. ಬಿಡುತ್ತೇನೆ ಎಂದು ನಿಕೊಲ್ಸ್ ಹೇಳಿದಾಗ, ಬಿಡಲೇ ಕೂಡದು ಎಂದರಂತೆ. ನಿಕೊಲ್ಸ್ ತಮ್ಮ ಬದುಕಿನುದ್ದಕ್ಕೂ ಈ ಸಂಗತಿ ಹೇಳುತ್ತಾ ಬಂದರು. ಅವರು ಉಳಿದರು.

ಇಲ್ಲಿಂದ ಮುಂದಿನದ್ದು ಕಥೆ ಅಲ್ಲ, ದಾಖಲೆ. 1977ರಲ್ಲಿ ನಾಸಾ ಹೊಸ ಗಗನಯಾತ್ರಿಗಳನ್ನು ಹುಡುಕುತ್ತಿತ್ತು. ಹೆಂಗಸರೂ ಬಿಳಿಯರಲ್ಲದವರೂ ಅರ್ಜಿ ಹಾಕಲು ಮುಂದೆ ಬರುತ್ತಿರಲಿಲ್ಲ. ಅವರನ್ನು ಕರೆಯುವ ಕೆಲಸವನ್ನು ನಾಸಾ ನಿಕೊಲ್ಸ್ ಅವರಿಗೆ ಒಪ್ಪಿಸಿತು. ಅವರು ಊರೂರು ತಿರುಗಿ, ಕಾಲೇಜುಗಳಲ್ಲಿ ಟಿವಿಗಳಲ್ಲಿ ಮಾತಾಡಿದರು. 1978ರಲ್ಲಿ ಆರಿಸಿದ 35 ಜನರಲ್ಲಿ ಆರು ಮಂದಿ ಹೆಂಗಸರು, ಮೂವರು ಕಪ್ಪು ಜನ, ಒಬ್ಬರು ಏಷ್ಯಾ ಮೂಲದವರು. ಅದಕ್ಕೆ ಮೊದಲು ನಾಸಾದ ಗಗನಯಾತ್ರಿಗಳ ತಂಡದಲ್ಲಿ ಹೆಂಗಸರೇ ಇರಲಿಲ್ಲ. ಅಮೆರಿಕದಿಂದ ಅಂತರಿಕ್ಷಕ್ಕೆ ಹೋದ ಮೊದಲ ಹೆಂಗಸು ಸ್ಯಾಲಿ ರೈಡ್ ಇದೇ ತಂಡದವರು. ಎಲ್ಲವೂ ನಿಕೊಲ್ಸ್ ಒಬ್ಬರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಕರೆಯಲು ಅವರನ್ನೇ ಯಾಕೆ ಕಳಿಸಿದರು? ಆ ಮುಖ ಕಂಡರೆ ಸಾಕಿತ್ತು, ಅಂತರಿಕ್ಷದಲ್ಲಿ ನಮಗೂ ಒಂದು ಕುರ್ಚಿ ಇದೆ ಎಂದು ಜನರಿಗೆ ಗೊತ್ತಾಗುತ್ತಿತ್ತು.

ಇನ್ನೂ ಮುಂದೆ ಹೋಗಿ. ಮೇ ಜೆಮಿಸನ್ ಎಂಬ ಹುಡುಗಿ ಶಿಕಾಗೊದಲ್ಲಿ ಉಹುರಾಳನ್ನು ನೋಡುತ್ತಾ ಬೆಳೆದಳು. ಡಾಕ್ಟರ್ ಆದರು. 1992ರ ಸೆಪ್ಟೆಂಬರಿನಲ್ಲಿ ಎಂಡೆವರ್ ನೌಕೆಯಲ್ಲಿ ಹೋಗಿ, ಅಂತರಿಕ್ಷ ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಹೆಂಗಸಾದರು. ಅಲ್ಲಿ ತಮ್ಮ ಪಾಳಿ ಶುರುವಾಗುವಾಗ ಉಹುರಾಳ ಮಾತನ್ನೇ ಹೇಳುತ್ತಿದ್ದರು, ಸಂದೇಶದ ದಾರಿ ತೆರೆದಿದೆ ಎಂಬ ಅರ್ಥದ್ದು. ಮರುವರ್ಷ ಸ್ಟಾರ್ ಟ್ರೆಕ್‌ನ ಮುಂದಿನ ಧಾರಾವಾಹಿಯ ಒಂದು ಕಂತಿನಲ್ಲಿ ಸಣ್ಣ ಪಾತ್ರವನ್ನೂ ಮಾಡಿದರು. ಟಿವಿಯಿಂದ ಹೊರಟದ್ದು ಅಂತರಿಕ್ಷಕ್ಕೆ ಹೋಗಿ ಮತ್ತೆ ಟಿವಿಗೆ ಬಂತು. ಪ್ರಭಾವ ಎಂದರೆ ಏನು ಎಂದು ನನ್ನನ್ನು ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನು.

ಈಗ ನಿಮ್ಮ ಎರಡನೇ ಪ್ರಶ್ನೆ. ಮೂರೇ ವರ್ಷದ ಧಾರಾವಾಹಿ ಯಾಕೆ ಉಳಿಯಿತು?

79 ಕಂತು, 1969ರ ಜೂನಿನಲ್ಲಿ ಮುಗಿಯಿತು. ಎರಡನೇ ವರ್ಷವೇ ನಿಲ್ಲಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗ ನೋಡುಗರು ಟಿವಿ ಕಂಪನಿಗೆ ಪತ್ರಗಳ ಮಳೆ ಸುರಿಸಿದರು. ಮೂರನೇ ವರ್ಷ ಸಿಕ್ಕಿತು. ಆದರೆ ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿದರು. ನೋಡಬೇಕಾದ ಯುವಕರು ಆ ಹೊತ್ತಿಗೆ ಮನೆಯಲ್ಲಿ ಎಲ್ಲಿರುತ್ತಾರೆ? ಹಾಗೆ ನಿಂತಿತು. ಆಮೇಲೆ ಊರೂರ ಸಣ್ಣ ಟಿವಿ ಕೇಂದ್ರಗಳು ಅದೇ ಕಂತುಗಳನ್ನು ಸಂಜೆ ಹೊತ್ತು ಮತ್ತೆ ಮತ್ತೆ ಹಾಕಲು ಶುರು ಮಾಡಿದವು. ಶಾಲೆ, ಕಾಲೇಜಿನಿಂದ ಬಂದವರು ಕೂತು ನೋಡಿದರು. ಧಾರಾವಾಹಿ ಸತ್ತ ಮೇಲೆ ಅದರ ನಿಜವಾದ ಆಯುಸ್ಸು ಶುರುವಾಯಿತು.

ಜೊತೆಗೆ ಇನ್ನೊಂದು ನಡೆಯಿತು. ನೋಡುಗರು ಸುಮ್ನೆ ನೋಡಿ ಎದ್ದು ಹೋಗಲಿಲ್ಲ. 1967ರಲ್ಲೇ, ಹೆಚ್ಚಾಗಿ ಹೆಂಗಸರೇ ಸೇರಿಕೊಂಡು, ಆ ಪಾತ್ರಗಳ ಮೇಲೆ ತಾವೇ ಬರಹ, ಕಥೆ ಬರೆದು, ಕಲ್ಲಚ್ಚಿನ ಪತ್ರಿಕೆಗಳ ಹಾಗೆ ಮನೆಯಲ್ಲೇ ಪ್ರತಿ ತೆಗೆದು ಹಂಚಲು ಶುರು ಮಾಡಿದರು. ಸ್ಪಾಕ್ ಹಾಗೆ ಮಾಡಿದ್ದು ಸರಿಯೇ? ಅವನ ತಾಯಿಯ ಮನಸ್ಸಿನಲ್ಲಿ ಏನಿತ್ತು? ಟಿವಿಯಲ್ಲಿ ಬಿಟ್ಟ ಜಾಗವನ್ನೆಲ್ಲ ಇವರು ತುಂಬಿದರು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ಸಮ್ಮೇಳನ ಕರೆದಾಗ ಕೆಲವು ನೂರು ಜನ ಬರಬಹುದು ಎಂದುಕೊಂಡಿದ್ದರು. ಬಂದವರು ಮೂರು ಸಾವಿರಕ್ಕೂ ಹೆಚ್ಚು. ಇವತ್ತು ಸಿನಿಮಾ, ಧಾರಾವಾಹಿಗಳ ಅಭಿಮಾನಿಗಳು ಕಥೆ ಬರೆಯುವುದು, ವೇಷ ಹಾಕುವುದು, ಸಮ್ಮೇಳನ ಸೇರುವುದು ಇದೆಯಲ್ಲ, ಅದರ ದಾರಿಯನ್ನು ಬಹಳಷ್ಟು ಮಟ್ಟಿಗೆ ಹಾಕಿಕೊಟ್ಟವರು ಇವರೇ.

ಇದನ್ನು ಬೇರೆ ಊರಿನವರಿಗೆ ಹೇಳುವಾಗ ನನಗೆ ಸ್ವಲ್ಪ ಕಷ್ಟ. ಕುಂಬಳೆಯವರಿಗೆ ಕಷ್ಟವೇ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಿಮ್ಮದು. ತಾಳಮದ್ದಳೆ ನೆನೆಸಿಕೊಳ್ಳಿ. ಪದ್ಯ ಹಳೆಯದು. ಭಾಗವತರು ಹಾಡುವುದು ಅದನ್ನೇ. ಆದರೆ ಅರ್ಥ ಯಾರು ಬರೆದು ಕೊಟ್ಟಿದ್ದಾರೆ? ಅರ್ಥಧಾರಿ ಆ ರಾತ್ರಿ ಕೂತು ಕಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ರಾಮ ಪ್ರತಿ ಸಲ ಹೊಸದಾಗಿ ಉತ್ತರ ಹುಡುಕಬೇಕು. ಕೇಳುವವರು ಮನೆಗೆ ಹೋಗುವ ದಾರಿಯಲ್ಲೂ ಅದೇ ಚರ್ಚೆ ಮಾಡುತ್ತಾರೆ. ಸ್ಟಾರ್ ಟ್ರೆಕ್ ಅಭಿಮಾನಿಗಳು ಮಾಡಿದ್ದು ಇದನ್ನೇ. 79 ಕಂತುಗಳು ಅವರಿಗೆ ಪದ್ಯ. ಅರ್ಥ ಅವರದ್ದು. ಪದ್ಯವನ್ನು ಕೇಳುಗರು ತಮ್ಮದು ಮಾಡಿಕೊಂಡರೆ ಪ್ರಸಂಗ ಮುನ್ನೂರು ವರ್ಷವೂ ಉಳಿಯುತ್ತದೆ, ಅಲ್ವಾ?

ಆ ಜನರ ಬಲ ಎಷ್ಟಿತ್ತು ಎಂದರೆ, ನಾಸಾ ತನ್ನ ಮೊದಲ ಶಟಲ್ ನೌಕೆಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡಲು ಹೊರಟಿತ್ತು. ಅಭಿಮಾನಿಗಳು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರಿಗೆ ಪತ್ರ ಬರೆದು ಬರೆದು ‘ಎಂಟರ್‌ಪ್ರೈಸ್’ ಎಂದು ಮಾಡಿಸಿದರು. ಅದು ಧಾರಾವಾಹಿಯ ಹಡಗಿನ ಹೆಸರು. 1976ರ ಸೆಪ್ಟೆಂಬರ್ 17ರಂದು ನೌಕೆಯನ್ನು ಹೊರಗೆ ತಂದಾಗ ಸ್ಪಾಕ್, ಸುಲು, ಉಹುರಾ ಎಲ್ಲ ಬಂದು ಅದರ ಮುಂದೆ ನಿಂತಿದ್ದರು. ಎಂಟರ್‌ಪ್ರೈಸ್ ಪರೀಕ್ಷೆಗೆಂದು ಮಾಡಿದ ನೌಕೆ. ಅದು ಅಂತರಿಕ್ಷಕ್ಕೆ ಹೋಗಲೇ ಇಲ್ಲ. ಹುಡುಗ ಚಾರ್ಟಿನಲ್ಲಿ ಇದನ್ನು ತಪ್ಪದೆ ಬರೆಯಲಿ. ಕೆಲವರು ಹೋಯಿತು ಎಂದು ಬರೆಯುತ್ತಾರೆ.

ನಮ್ಮ ದೇಶಕ್ಕೆ ಇದು ಬಂದದ್ದು ತಡವಾಗಿ. 80ರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಗ್ಗೆ ತೋರಿಸುತ್ತಿತ್ತು. ಬದಿಯಡ್ಕದ ಹತ್ತಿರ ನಮ್ಮ ಪಕ್ಕದ ಮನೆಯಲ್ಲಿ ಮಾತ್ರ ಟಿವಿ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತಿತ್ತು. ಒಬ್ಬ ಮಾಡಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಇನ್ನೊಬ್ಬ ಒಳಗಿಂದ ‘ಬಂತು, ಬಂತು’ ಎಂದು ಕೂಗಬೇಕು. ಇಂಗ್ಲಿಷ್ ನಮಗೆ ಅರ್ಥ ಆಗುತ್ತಿರಲಿಲ್ಲ. ಅಜ್ಜಿ ಒಂದು ದಿನ ಸ್ಪಾಕ್‌ನ ಚೂಪು ಕಿವಿ ನೋಡಿ ಕೇಳಿದರು: ‘ಆ ಕೆಮಿ ಉದ್ದ ಇಪ್ಪವ ಆರು? ದೇವತೆಯೋ ರಾಕ್ಷಸನೋ?’ ಯಕ್ಷಗಾನದ ರಾಕ್ಷಸರ ಹಾಗೆ ಬಣ್ಣದ ವೇಷ ಹೌದೋ ಅಲ್ಲವೋ ಎಂದು ಅವರಿಗೆ ಗೊತ್ತಾಗಬೇಕಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು, ಎರಡು ಲೋಕಕ್ಕೂ ಸೇರಿದವನು, ಎರಡು ಕಡೆಯೂ ಪೂರ್ತಿ ತಮ್ಮವನು ಎನ್ನದವನು. ಗಡಿಯಲ್ಲಿ ಬೆಳೆದ ನನಗೆ ಅವನು ಹತ್ತಿರದವನಾದ. ಈ ಕಡೆ ಕೇರಳದ ಕಾಗದಪತ್ರ, ಆ ಕಡೆ ಕನ್ನಡದ ಪುಸ್ತಕ. ಮಂಗಳೂರಿಗೆ ಹೋದರೆ ‘ನೀವು ಕೇರಳದವರು’, ತಿರುವನಂತಪುರಕ್ಕೆ ಹೋದರೆ ‘ನೀವು ಕನ್ನಡದವರು’. ನಿಮಗೂ ಇದು ಹೊಸತಲ್ಲ.

ಇದರಿಂದ ನಿಮ್ಮ ಮೂರನೇ ಪ್ರಶ್ನೆಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಭಾಷೆಯ ವಿಷಯ.

ಸ್ಟಾರ್ ಟ್ರೆಕ್‌ನಲ್ಲಿ ಕ್ಲಿಂಗನ್ ಎಂಬ ಯೋಧರ ಕುಲ ಇದೆ. 1979ರ ಸಿನಿಮಾದಲ್ಲಿ ಅವರಿಗೆ ನಾಲ್ಕಾರು ಶಬ್ದ ಬೇಕಾಯಿತು. ಎಂಜಿನಿಯರ್ ಪಾತ್ರದ ನಟ ಜೇಮ್ಸ್ ಡೂಹನ್ ಕಟ್ಟಿಕೊಟ್ಟರು. 1984ರ ಸಿನಿಮಾಕ್ಕೆ ಮಾರ್ಕ್ ಓಕ್ರಾಂಡ್ ಎಂಬ ಭಾಷಾ ವಿದ್ವಾಂಸರನ್ನು ಕರೆದರು. ಅವರು ವ್ಯಾಕರಣ ಸಮೇತ ಒಂದು ಭಾಷೆಯನ್ನೇ ಮಾಡಿದರು. ಕರ್ಮ ಮೊದಲು, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ. ‘ಅನ್ನ ಉಂಡಳು ಅಮ್ಮ’ ಎಂಬ ಕ್ರಮ. 1985ರಲ್ಲಿ ನಿಘಂಟು ಬಂತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕ ಆ ಭಾಷೆಗೆ ಬಂತು. 2018ರಲ್ಲಿ ಡುವೊಲಿಂಗೊ ಆ್ಯಪ್‌ನಲ್ಲಿ ಪಾಠವೂ ಬಂತು. ಯಾರ ಮನೆಯಲ್ಲೂ ಇಲ್ಲದ ಭಾಷೆ ಅದು!

ಈ ಓಕ್ರಾಂಡ್ ಡಾಕ್ಟರೇಟ್ ಮಾಡಿದ್ದು ಯಾವುದರ ಮೇಲೆ ಗೊತ್ತಾ? ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುತ್ಸುನ್ ಎಂಬ ಭಾಷೆಯ ವ್ಯಾಕರಣದ ಮೇಲೆ. ಆ ಹೊತ್ತಿಗೆ ಅದನ್ನು ಆಡುವವರು ಯಾರೂ ಉಳಿದಿರಲಿಲ್ಲ. ಹಳೆಯ ಬರಹಗಳಿಂದ ಅದನ್ನು ಎತ್ತಿ ಕಟ್ಟಿದರು. ಮಾತು ನಿಂತುಹೋದ ಭಾಷೆಯ ಹತ್ತಿರ ವರ್ಷಗಟ್ಟಲೆ ಕೂತವರು ಮಾಡಿದ್ದರಿಂದಲೇ ಕ್ಲಿಂಗನ್‌ಗೆ ಅಷ್ಟು ಜೀವ ಬಂತು ಎಂದು ನಾನು ನಂಬಿದ್ದೇನೆ.

ನಮ್ಮದು ಸಪ್ತಭಾಷಾ ಸಂಗಮದ ನೆಲ ಎನ್ನುತ್ತೇವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ಕುಂಬಳೆ ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಕಡಿಮೆಯೆಂದರೂ ನಾಲ್ಕು ಕಿವಿಗೆ ಬೀಳುತ್ತವೆ. ಹಡಗಿನಲ್ಲಿ ಎಲ್ಲ ಭಾಷೆ ತಿಳಿಸುವ ಒಂದು ಯಂತ್ರ ಇರುತ್ತದೆ. ನಮ್ಮ ಮಕ್ಕಳಿಗೆ ಯಂತ್ರ ಬೇಡ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬದಲಾಯಿಸುವುದು ಅವರಿಗೆ ಉಸಿರಾಡಿದ ಹಾಗೆ. ಬೇರೆಯವರು ಕಥೆಯಲ್ಲಿ ಊಹಿಸಿದ್ದನ್ನು ನಿಮ್ಮ ಎಂಟನೇ ಕ್ಲಾಸು ದಿನಾ ಮಾಡುತ್ತಿದೆ. ಇದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ?

ಇನ್ನೊಂದು ಸಂಗತಿ ಜೊತೆಗಿಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೆ ಜಾಗ ಕೊಡುವ ಯುನಿಕೋಡ್‌ನಲ್ಲಿ ಕ್ಲಿಂಗನ್ ಲಿಪಿಗೂ ಅರ್ಜಿ ಹೋಗಿತ್ತು. 2001ರಲ್ಲಿ ತಿರಸ್ಕರಿಸಿದರು. ನಮ್ಮ ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ ಸೇರಿತು. ಅದೇ ವರ್ಷ ಗೂಗಲ್ ಅನುವಾದದಲ್ಲಿ ತುಳುವೂ ಬಂತು. ಆದರೆ ನಮ್ಮ ಜಿಲ್ಲೆಯ ಕೊರಗರ ಮನೆಮಾತಿಗೆ ಒಂದು ಆ್ಯಪ್ ಪಾಠ ಇರುವುದನ್ನು ನಾನು ಇನ್ನೂ ಕಂಡಿಲ್ಲ, ಕ್ಲಿಂಗನ್‌ಗೆ ಇದೆ. ನನಗೆ ಕ್ಲಿಂಗನ್ ಮೇಲೆ ಸಿಟ್ಟಿಲ್ಲ. ಪ್ರೀತಿಯಿಂದ ಕೂತರೆ ಒಂದು ಭಾಷೆಗೆ ಏನೇನು ಮಾಡಬಹುದು ಎಂದು ಆ ಅಭಿಮಾನಿಗಳು ತೋರಿಸಿದ್ದಾರೆ. ಆ ಪ್ರೀತಿ ಇತ್ತ ತಿರುಗಲಿ ಎಂಬ ಆಸೆ ಮಾತ್ರ.

ಕೊರತೆಗಳನ್ನೂ ಮಕ್ಕಳಿಗೆ ಮುಚ್ಚಿಡಬೇಡಿ. ಆ ಹಡಗಿನಲ್ಲಿ ಎಲ್ಲರಿಗೂ ಜಾಗ ಇತ್ತು ಎಂದರೆ ಸುಳ್ಳಾಗುತ್ತದೆ. 1969ರ ಕೊನೆಯ ಕಂತಿನಲ್ಲೇ, ಹಡಗಿನ ಕ್ಯಾಪ್ಟನ್‌ಗಳ ಲೋಕದಲ್ಲಿ ಹೆಂಗಸರಿಗೆ ಜಾಗ ಇಲ್ಲ ಎಂಬ ಮಾತು ಬರುತ್ತದೆ. ಹೆಂಗಸೊಬ್ಬಳು ಇಡೀ ಧಾರಾವಾಹಿಯ ಮುಖ್ಯ ಕ್ಯಾಪ್ಟನ್ ಆಗಲು 1995ರವರೆಗೆ ಕಾಯಬೇಕಾಯಿತು. ಭಾರತದ ಸಿಖ್ ಇರಬೇಕು ಎಂದು ಪರಿಚಯಿಸುವ ಖಾನ್ ಎಂಬ ಪಾತ್ರ 1967ರಲ್ಲಿ ಬಂತು, ಮಾಡಿದ್ದು ಮೆಕ್ಸಿಕೊದ ನಟ, ಪೇಟ ಇಲ್ಲ, ಗಡ್ಡ ಇಲ್ಲ. ನಮ್ಮವರೇ ಒಬ್ಬರು ಮುಖ್ಯ ಪಾತ್ರದಲ್ಲಿ ಕಾಣಿಸಿದ್ದು 1979ರ ಸಿನಿಮಾದಲ್ಲಿ. ಮುಂಬಯಿಯ ಪರ್ಸಿಸ್ ಖಂಬಾಟಾ. ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡಿದ್ದರು. ಪ್ರತಿ ಕಂತಿನ ಮೊದಲು ಬರುವ ಸಾಲಿನಲ್ಲಿ ‘ಯಾವ ಗಂಡಸೂ ಹೋಗದ ಕಡೆ’ ಎಂಬ ಹಾಗೆ ಇದ್ದದ್ದು 1987ರ ಧಾರಾವಾಹಿಯಲ್ಲಿ ‘ಯಾರೂ ಹೋಗದ ಕಡೆ’ ಎಂದಾಯಿತು. ಒಂದೇ ಶಬ್ದ ಬದಲಾಗಲು 21 ವರ್ಷ.

ಚಾರ್ಟ್ ತಿದ್ದುವಾಗ ಮೊಬೈಲಿನ ಚಿತ್ರವನ್ನು ಕೆಳಗೆ ಇಳಿಸಲಿ. ಸ್ಟಾರ್‌ಟ್ಯಾಕ್ ಫೋನಿನ ಪಕ್ಕ 1996 ಎಂದು ಬರೆದರೆ ಸಾಕು. ‘ಬೀಮ್ ಮಿ ಅಪ್, ಸ್ಕಾಟಿ’ ಎಂಬ ಸಾಲನ್ನು ಹಾಕಿದ್ದರೆ ತೆಗೆಯಲಿ, ಮೊದಲ ಧಾರಾವಾಹಿಯಲ್ಲಿ ಅದೇ ಕ್ರಮದಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಮೇಲೆ, ನಡುವಿನಲ್ಲಿ, ಉಹುರಾಳ ಚಿತ್ರ ಇರಲಿ. ಕಿವಿಯಲ್ಲಿರುವ ಸಾಧನ ಕಾಣುವ ಹಾಗಿನದ್ದು. ನೋಡಲು ಬಂದ ಮಕ್ಕಳು ಮೊದಲು ‘ಬ್ಲೂಟೂತ್!’ ಎನ್ನುತ್ತಾರೆ. ಹುಡುಗ ನಗಲಿ, ಹೌದು ಎನ್ನಲಿ. ಆಮೇಲೆ ಅವಳ ಹೆಸರು ಸ್ವಾಹಿಲಿ ಭಾಷೆಯ ‘ಉಹುರು’ ಎಂಬ ಶಬ್ದದಿಂದ ಬಂದದ್ದು, ಹಾಗೆಂದರೆ ಸ್ವಾತಂತ್ರ್ಯ ಎಂದು ಹೇಳಲಿ. ಕನ್ನಡದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ. ಅವನಿಗೆ ಮೂರೂ ಬರುತ್ತದಲ್ಲ.